ಬಸ್ಸಿನ ಗುಂಪಿಗೆ ಸೇರಿದ ಪಾಲಾಕ್ಷ ಮೇಷ್ಟ್ರು

ಹೊಳೆನರಸೀಪುರದ ಅಂಚಿನಲ್ಲಿರುವ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಕಲಿಸುವ ಪಾಲಾಕ್ಷ ಮೇಷ್ಟ್ರಿಗೆ ತಮ್ಮ ಕಂಠದ ಮೇಲೆ ಎಷ್ಟು ನಂಬಿಕೆಯೋ ಸುತ್ತೋಲೆಯ ಮೇಲೂ ಅಷ್ಟೇ ನಂಬಿಕೆ. ಸಂಜೆ ಮನೆಗೆ ಬರುವುದು ತಡವಾದರೆ ಹೆಂಡತಿ ನೀಲಾಂಬಿಕೆಗೆ ಅವರು ಕಳಿಸುವ ಮೆಸೇಜು ಕೂಡ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದೇ ಶುರುವಾಗುತ್ತದೆ. ಆಕೆ ಅದನ್ನು ಪೂರ್ತಿ ಓದುವಷ್ಟರಲ್ಲಿ ಇವರೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಾರೆ.

ಕಾಲೇಜಿನ ಕನ್ನಡ ಸಂಘ ಅವರೇ ಕಟ್ಟಿ ಬೆಳೆಸಿದ ಕೂಸು. ಒಂದು ಕಾಲಕ್ಕೆ ಕಿಟಕಿಗೆ ಜೋತುಬಿದ್ದು ಭಾಷಣ ಕೇಳುವ ಹುಡುಗರಿದ್ದರಂತೆ. ಹಾಗೆಂದು ಮೇಷ್ಟ್ರೇ ಹೇಳುತ್ತಾರೆ. ಈಚೆಗೆ ಮಾತ್ರ ಸಭಾಂಗಣದಲ್ಲಿ ಮುಂದಿನ ಸಾಲಿಗೆ ಉಪನ್ಯಾಸಕರು, ಹಿಂದಿನ ಸಾಲಿಗೆ ಮೈಕಿನವನು. ನಡುವೆ ಬರೀ ಕುರ್ಚಿ.

ಹಾಸನದಲ್ಲಿ ಯಾವುದೋ ಕಾರ್ಯಾಗಾರ ಮುಗಿಸಿಕೊಂಡು ಬಂದ ಪ್ರಿನ್ಸಿಪಾಲ್ ಅಮರನಾಥರು ಅವರನ್ನು ಕರೆಸಿದರು. “ಪಾಲಾಕ್ಷಪ್ಪನೋರೇ, ಮಕ್ಕಳೆಲ್ಲ ಫೋನಿನಲ್ಲಿದ್ದಾರೆ ಕಣ್ರೀ. ನೀವು ಇನ್ನೂ ನೋಟಿಸ್ ಬೋರ್ಡಿನಲ್ಲಿದ್ದೀರಿ. ಸೋಷಿಯಲ್ ಟೆಕ್ನಾಲಜಿ ಬಳಸಿ. ಶುಕ್ರವಾರ ಸಂಘದ ಈ ವರ್ಷದ ಉದ್ಘಾಟನೆಗೆ ಹಾಲ್ ತುಂಬಲೇಬೇಕು. ತುಂಬದಿದ್ರೆ ಸಂಘಾನ ರಜನೀಶ್‌ಗೆ ಕೊಟ್ಬಿಡ್ತೀನಿ.”

ರಜನೀಶ್ ಎಂದರೆ ವಾಣಿಜ್ಯ ವಿಭಾಗದ ಹೊಸ ಹುಡುಗ. ರೀಲ್ಸ್ ಮಾಡುತ್ತಾನೆ. ತಮ್ಮ ಸಂಘ ರೀಲ್ಸ್ ಪಾಲಾಗುವುದನ್ನು ನೆನೆದೇ ಮೇಷ್ಟ್ರಿಗೆ ಊಟ ಸೇರಲಿಲ್ಲ.

ಅಂದೇ ಮೇಷ್ಟ್ರ ಕೈಯಿಂದ ಕಾಲೇಜಿನ ವಾಟ್ಸಾಪ್ ಗುಂಪು ಹುಟ್ಟಿತು. ಮರುದಿನ ಬೆಳಿಗ್ಗೆ ಅದರ ತುಂಬ ಗುಲಾಬಿ ಹೂವು, ಗುಡ್ ಮಾರ್ನಿಂಗು, ಹಲ್ಲು ಕಿರಿಯುವ ಬೆಕ್ಕು. ಶಿಸ್ತಿನ ಮನುಷ್ಯರಾದ ಮೇಷ್ಟ್ರು ತಾವೊಬ್ಬರೇ ಬರೆಯುವಂತೆ ಗುಂಪಿಗೆ ಬೀಗ ಜಡಿದರು. ಯಾರೂ ಮಾತಾಡದ ಹಾಗೆ ಮಾಡಿ, ತರಗತಿಗೆ ಹೋಗಿ, “ಯಾಕ್ರೋ ಒಬ್ರೂ ಉತ್ತರಾನೇ ಕೊಡಲ್ಲ?” ಎಂದು ರೇಗಾಡಿದರು.

ಹಳ್ಳಿಮೈಸೂರು ಕಡೆಯಿಂದ ಬರುವ ಭವ್ಯಶ್ರೀ ಎಂಬ ಹುಡುಗಿ ಎದ್ದು ನಿಂತಳು. “ಬೇಜಾರ್ ಮಾಡ್ಕಬ್ಯಾಡಿ ಸಾ. ನೀವು ಪೋಗ್ರಾಂ ಇಕ್ಕದು ಎರಡು ಗಂಟೆಗೆ. ನಮ್ ಬಸ್ಸೂ ಎರಡು ಗಂಟೆಗೆ. ಅದು ಬುಟ್ರೆ ಸಂಜೀಗೇಯ.”

“ಬಸ್ಸು ಸರಿಯಾದ ಟೈಮಿಗೆ ಬರುತ್ತೇನಮ್ಮ?”

“ಅದುಕ್ಕೇ ಒಂದು ಗುಂಪು ಐತಲ್ಲ ಸಾ! ಬಸ್ಸು ಎಲ್ಲಿ ಬತ್ತಾ ಐತೆ ಅಂತ ಎಲ್ರೂ ಆಕ್ತಾರೆ.”

ಕಾಲೇಜಿನ ಮುಕ್ಕಾಲು ಪಾಲು ಮಕ್ಕಳು ಆ ದಿಕ್ಕಿನವರೇ. ಮೇಷ್ಟ್ರ ಕಿವಿ ನೆಟ್ಟಗಾಯಿತು. “ನನ್ನನ್ನೂ ಅದಕ್ಕೆ ಸೇರಿಸು.”

“ಬ್ಯಾಡಿ ಸಾ. ಅಲ್ಲಿ ಬರೀ ಬಸ್ಸಿನ್ ಮಾತು.”

“ನನಗೂ ಬಸ್ಸಿನಲ್ಲಿ ಆಸಕ್ತಿ ಇದೆ ಕಣಮ್ಮ.”

ಮೇಷ್ಟ್ರ ಮಾತು ತೆಗೆದುಹಾಕಲಾರದೆ ಹುಡುಗಿ ಸೇರಿಸಿದಳು. ಗುಂಪಿನ ಹೆಸರು ‘ಹಳ್ಳಿಮೈಸೂರು ಎಕ್ಸ್‌ಪ್ರೆಸ್’. ಒಳಗೆ ಹೊಕ್ಕ ಮೇಷ್ಟ್ರು ಬೆರಗಾದರು. ‘ಸ್ಟ್ಯಾಂಡ್ ಬುಡ್ತು ಕಣ್ರೋ.’ ‘ಇಂದ್ಗಡೆ ಎರಡು ಸೀಟ್ ಐತೆ.’ ‘ಲೇ, ಕಂಡಕ್ಟ್ರು ಸಿಡುಕ, ಚಿಲ್ರೆ ಇಟ್ಕಳ್ಳಿ.’ ಒಬ್ಬ ಕೇಳಿದರೆ ಹತ್ತು ಜನ ಉತ್ತರಿಸುತ್ತಿದ್ದರು. ತರಗತಿಯಲ್ಲಿ ಹೆಸರು ಕೂಗಿದರೂ ಬಾಯಿ ಬಿಡದವರು ಇಲ್ಲಿ ವಾಗ್ಮಿಗಳು. ಇದೇ ಅಲ್ಲವೇ ಸೋಷಿಯಲ್ ಟೆಕ್ನಾಲಜಿ! ಮೇಷ್ಟ್ರು ತಡಮಾಡದೆ ಅಲ್ಲೇ ತಮ್ಮ ಸುತ್ತೋಲೆ ಇಳಿಸಿದರು. ವಿಷಯ, ಉಲ್ಲೇಖ, ಕನ್ನಡ ಸಂಘದ ಧ್ಯೇಯೋದ್ದೇಶ, ಕೊನೆಗೆ ‘ಗೈರುಹಾಜರಾದವರ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು’. ‘ಬಸ್ಸು ಎಲ್ಲೈತೆ’ ಎಂಬ ಪ್ರಶ್ನೆ ಅದರಡಿ ಸಿಕ್ಕಿ ಕಾಣದಾಯಿತು.

ಆಮೇಲೆ ಒಬ್ಬೊಬ್ಬರೇ ಗುಂಪು ಬಿಟ್ಟ ಸೂಚನೆ ಸಾಲುಗಟ್ಟಿ ಬರತೊಡಗಿತು. ಭವ್ಯಶ್ರೀ ಮಾತ್ರ ಹೋಗುವ ಮುಂಚೆ, ‘ಸಾರಿ ಸಾ, ಎಲ್ರೂ ಒಂಟೋದ್ರು, ನಾನೊಬ್ಳೇ ಇದ್ದೇನ್ ಮಾಡ್ಲಿ’ ಎಂದು ಬರೆದಳು. ಕೊನೆಗೆ ಉಳಿದವರು ಮೇಷ್ಟ್ರು, ಮತ್ತು ಹೋದ ವರ್ಷವೇ ಪಾಸಾಗಿ ಈ ಗುಂಪನ್ನೇ ಮರೆತುಬಿಟ್ಟಿದ್ದ ಒಬ್ಬ ಹುಡುಗ.

“ಮುಗೀತು. ಸಂಘ ಹೋಯ್ತು,” ಎಂದು ಮೇಷ್ಟ್ರು ಹೆಂಡತಿಯ ಮುಂದೆ ತಲೆ ಚಚ್ಚಿಕೊಂಡರು.

“ಬಸ್ಸಿಗೆ ಕಾಯೋ ಮಕ್ಕಳಿಗೆ ಕ್ರಮ ಜರುಗಿಸ್ತೀನಿ ಅಂದ್ರೆ ಕೂತಿರ್ತಾರಾ ನಿಮ್ಮ ಗುಂಪಲ್ಲಿ?” ಎಂದರು ನೀಲಾಂಬಿಕೆ.

ಶುಕ್ರವಾರ ಎರಡು ಗಂಟೆಗೆ ವೇದಿಕೆಯಿಂದ ಖಾಲಿ ಕುರ್ಚಿಗಳನ್ನೇ ನೋಡುತ್ತಾ ಮೇಷ್ಟ್ರು ಮೈಕು ಹಿಡಿದರು. ಪಕ್ಕದಲ್ಲಿ ಪ್ರಿನ್ಸಿಪಾಲರು ಗಡಿಯಾರ ನೋಡುತ್ತಿದ್ದರು. ಎರಡೂವರೆಯಾಗುವ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಹುಡುಗರು ಇಣುಕಿದರು. ಹಿಂದೆ ಐದಾರು ಹುಡುಗಿಯರು. ಆಮೇಲೆ ದಂಡೇ ಬಂತು. ಬೆವರು ಒರೆಸಿಕೊಂಡು ಫ್ಯಾನಿನ ಕೆಳಗಿನ ಕುರ್ಚಿಗೆ ಜಗಳವಾಡಿ ಕೂತರು. ಹಾಲ್ ತುಂಬಿ ಕಿಟಕಿಯಲ್ಲೂ ತಲೆಗಳು ಕಂಡವು. ಮೇಷ್ಟ್ರ ಕಂಠ ತಾನಾಗಿಯೇ ಏರಿತು.

ನಡೆದದ್ದು ಇಷ್ಟೇ. ಹಳೆಯ ಗುಂಪು ಒಡೆದ ಮೇಲೆ ಮೂರು ಜನ ಮೂರು ಹೊಸ ಗುಂಪು ಮಾಡಿದ್ದರು. ‘ಎರಡು ಗಂಟೆ ಬಸ್ಸು ಕೆಟ್ಟು ಸ್ಟ್ಯಾಂಡಿನಲ್ಲೇ ನಿಂತೈತೆ, ಬ್ಯಾರೆ ಬಸ್ಸು ಅಲ್ಲಿಂದಲೇ ಒಂಡ್ತೈತೆ, ಓಡ್ಬನ್ನಿ’ ಎಂಬ ಸುದ್ದಿ ಒಂದರಲ್ಲಿ ಬಿತ್ತು. ಹೆಚ್ಚಿನ ಮಕ್ಕಳು ಇದ್ದದ್ದು ಉಳಿದೆರಡರಲ್ಲಿ. ಕಾಲೇಜಿನ ಗೇಟಿನ ಮುಂದೆ ಬಸ್ಸಿಗೆ ಕಾದು, ಬಿಸಿಲಲ್ಲಿ ಬೆಂದು, ಬೇರೆ ದಾರಿ ಕಾಣದೆ ಅವರು ನೆರಳಿಗೆ ಬಂದಿದ್ದರು.

ಪ್ರಿನ್ಸಿಪಾಲರು ಎದ್ದು ನಿಂತು ಫೋಟೋ ಹೊಡೆದದ್ದೇ ಹೊಡೆದದ್ದು. ಮೇಷ್ಟ್ರು ಹಳಗನ್ನಡದ ಹೊಸಿಲು ದಾಟುತ್ತಿದ್ದಾಗ ಹೊರಗೆ ಹಾರನ್ ಕೇಳಿಸಿತು. “ರಿಪೇರಿಯಾಗಿ ಬಂದ್ಬುಡ್ತು ಕಣ್ರೋ!” ಎಂದು ಯಾರೋ ಕಿರುಚಿದರು. ಕುರ್ಚಿಗಳು ಉರುಳಿದವು. ಮೈಕಿನವನು ಆಕಳಿಸಿದ.

“ಸಂಘ ನಿಮ್ದೇ ಕಣ್ರೀ!” ಪ್ರಿನ್ಸಿಪಾಲರು ಮೇಷ್ಟ್ರ ಕೈ ಕುಲುಕಿದರು. “ಫೋಟೋದಲ್ಲಿ ನೋಡಿ, ಕಿಟಕಿಯಲ್ಲೂ ಜನ! ಏನು ಉಪಾಯ ಮಾಡಿದ್ರಿ?”

“ಸಾರ್, ಅದು... ಬಸ್ಸು ಕೆಟ್ಟಿತ್ತು,” ಎಂದರು ಮೇಷ್ಟ್ರು.

“ಈ ವಿನಯ ಬೇಡ. ಮುಂದಿನ ತಿಂಗಳು ಚನ್ನರಾಯಪಟ್ಟಣ, ಆಮೇಲೆ ಅರಕಲಗೂಡು. ಅಲ್ಲಿನ ಕಾಲೇಜುಗಳಿಗೂ ನೀವೇ ಹೋಗಿ ತರಬೇತಿ ಕೊಡಬೇಕು. ನಾನು ಆಗಲೇ ಒಪ್ಪಿಕೊಂಡಾಯ್ತು.”

ಬಿದ್ದ ಕುರ್ಚಿಗಳನ್ನು ಎತ್ತಿಡುತ್ತಾ ಮೇಷ್ಟ್ರು ಫೋನು ತೆಗೆದು ಹೆಂಡತಿಗೆ ಬರೆದರು. ಅವರ ಬಾಳಿನಲ್ಲೇ ಅತಿ ಚಿಕ್ಕ ಸಂದೇಶ: ‘ಸಂಘ ಉಳೀತು. ನಾನು ಕೆಟ್ಟೆ.’