ಬೇಡ ಅನ್ನಲಾರದ ಕೋಮಲಾ

ಅಜ್ಜಂಪುರದ ಕೋಮಲಾಗೆ ಬೇಡ ಅನ್ನಲು ಬಾರದು. ಅವಳು ಸೊಸೆಯಾಗಿ ಬಂದದ್ದು ಕೊಬ್ಬರಿ ವ್ಯಾಪಾರದ ತುಂಬು ಮನೆಗೆ. ಅಲ್ಲಿ ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿದರೆ ಬಡಿಸಿದವರಿಗೆ ಬೇಜಾರು, ನೆಂಟರು ಕೊಟ್ಟ ಪಾತ್ರೆ ಬೇರೆಯವರಿಗೆ ದಾಟಿಸಿದರೆ ನೆಂಟರಿಗೆ ಬೇಜಾರು. ಹಾಗಾಗಿ ಅಟ್ಟದಲ್ಲಿ ಇಲಿ ಓಡಾಡಲೂ ಜಾಗವಿಲ್ಲ. "ಇರ್ಲಿ ಬಿಡೇ, ಅದೇನು ಅನ್ನ ಕೇಳ್ತದಾ?" ಅನ್ನುವುದು ಅತ್ತೆ ಕರಿಬಸಮ್ಮನ ಮಾತು.

ಇಂಥವಳ ಕೈಗೆ, ಅವಳು ಕೆಲಸಕ್ಕೆ ಹೋಗುವ ತರೀಕೆರೆಯ ಕಂಪ್ಯೂಟರ್ ಆಫೀಸಿನವರು ರಿಕ್ವೈರ್‌ಮೆಂಟ್ಸ್ ಫೈಲುಗಳನ್ನು ಚೊಕ್ಕ ಮಾಡುವ ಕೆಲಸ ಕೊಟ್ಟರು. ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲಿನ ಆ ಆಫೀಸು, ಮಾರುಕಟ್ಟೆಗಳ ಹರಾಜು ನಡೆಸುವ ಪೈಥಾನ್ ಭಾಷೆಯ ದೊಡ್ಡ ಪ್ರೋಗ್ರಾಮನ್ನು ವರ್ಷಗಳಿಂದ ಕಟ್ಟುತ್ತ ಬಂದಿತ್ತು. ಅದು ಓಡಲು ಹೊರಗಿನವರು ಬರೆದಿಟ್ಟ ಯಾವ ಸಿದ್ಧ ಪ್ಯಾಕೇಜು, ಅದರ ಯಾವ ಆವೃತ್ತಿ ಬೇಕು ಅನ್ನುವುದನ್ನು ಕಂಪ್ಯೂಟರಿಗೆ ಹೇಳುವುದು ಈ ಫೈಲು. ಒಂದೆರಡಿದ್ದರೆ ಸಾಕಿತ್ತು. ಬಂದವರೆಲ್ಲ ತಮ್ಮದೊಂದು ಮಾಡಿಟ್ಟು ಹೋಗಿದ್ದರು: ಹೊಸದು, ಇನ್ನೂ ಹೊಸದು, ಇದೇ ಕೊನೆ. 'ಇದೇ ಕೊನೆ' ಆದಮೇಲೂ ಮತ್ತೆರಡು ಹುಟ್ಟಿದ್ದವು.

ಸೋಮವಾರ ಕಡೂರಿನ ಕೊಬ್ಬರಿ ಬೆಳೆಗಾರರ ಸಂಘದವರು ಪ್ರೋಗ್ರಾಮನ್ನು ನೋಡಿ ಒಪ್ಪಬೇಕಿತ್ತು. ಒಪ್ಪದಿದ್ದರೆ ಆಫೀಸಿಗೆ ಬೀಗ. ಕೋಮಲಾಗೆ ಅದು ಹೊಟ್ಟೆಪಾಡಿನ ಮಾತಲ್ಲ. ಇಂಥವರ ಸೊಸೆ ಅನ್ನದೆ ಹೆಸರು ಹಿಡಿದು ಅವಳನ್ನು ಕರೆಯುತ್ತಿದ್ದ ಜಾಗ ಅದೊಂದೇ.

ಅವಳು ಎಲ್ಲವನ್ನೂ ಕೂಡಿಸಿ ಒಂದೇ ಫೈಲು ಮಾಡಿದಳು. ಕಂಪ್ಯೂಟರು ಒಪ್ಪಲಿಲ್ಲ. ಆಫೀಸಿನಲ್ಲಿ ಅವಳಿಗಿಂತ ಹಿರಿಯನಾದ ಧರ್ಮೇಶ್ ಗ್ರಾಫಿಗೆಂದು ಸೇರಿಸಿದ್ದ ಪ್ಯಾಕೇಜು, ಅಚ್ಚಿಗೆ ಪುಟ ಸಿದ್ಧಮಾಡುವ ಪಿಡಿಎಫ್ ಪ್ಯಾಕೇಜಿನ ಹಳೆಯ ಆವೃತ್ತಿಯೇ ಬೇಕು ಅನ್ನುತ್ತಿತ್ತು. ಹರಾಜಾದ ಮೇಲೆ ರೈತರಿಗೆ ಕೊಡುವ ಚೀಟಿಯಲ್ಲಿ ಕನ್ನಡ ಅಕ್ಷರ ಮೂಡಿಸಲು ಕೋಮಲಾ ಸೇರಿಸಿದ್ದದ್ದು ಅದರ ಹೊಸದೇ ಬೇಕು ಅನ್ನುತ್ತಿತ್ತು. ಎಣ್ಣೆ ಸೀಗೇಕಾಯಿ ಸಂಬಂಧ. ಅಷ್ಟು ದೊಡ್ಡ ಪ್ರೋಗ್ರಾಮಿನಲ್ಲಿ ಇದು ನಂದು ಅಂತ ಅವಳು ಹೇಳಬಹುದಾಗಿದ್ದದ್ದು ಆ ಕನ್ನಡದ ಚೀಟಿಯೊಂದನ್ನೇ.

ಧರ್ಮೇಶನಿಗೆ ಫೋನ್ ಮಾಡಿ, "ನಿಮ್ ಗ್ರಾಫಿಂದು ಇರ್ಲಾ ಸಾರ್?" ಅಂದಳು.

"ಇರ್ಲಿ ಬಿಡಿ," ಅಂದ ಅವನು.

ಹಾಗಾದರೆ ಬೇಕು ಅಂತಲೇ ಅರ್ಥ. ಹಿರಿಯರದನ್ನು ಕೀಳುವುದು ಹೇಗೆ? ಕೋಮಲಾ ತನ್ನ ಸಾಲನ್ನೇ ಅಳಿಸಿದಳು. ಕಂಪ್ಯೂಟರು ಒಪ್ಪಿತು. ತನ್ನ ಲ್ಯಾಪ್‌ಟಾಪಿನಲ್ಲಿ ಚೀಟಿ ತೆಗೆದು ನೋಡಿದರೆ ಕನ್ನಡ ಮೊದಲಿನಂತೆಯೇ ಬಂತು. ಹಾಗಾದರೆ ನಂದು ಯಾವತ್ತೂ ಬೇಕೇ ಇರಲಿಲ್ಲವಾ? ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಪಾಪ, ಫೈಲಿನಿಂದ ಸಾಲು ಅಳಿಸಿದರೂ ಹಿಂದೆಯೇ ಹಾಕಿದ್ದ ಪ್ಯಾಕೇಜು ಲ್ಯಾಪ್‌ಟಾಪಿನಲ್ಲಿ ಹಾಗೇ ಕೂತಿದ್ದದ್ದು ಅವಳಿಗೆ ಹೊಳೆಯಲಿಲ್ಲ.

ಸೋಮವಾರ ಕಡೂರಿನಲ್ಲಿ ಸಂಘದ ಹೊಸ ಕಂಪ್ಯೂಟರಿಗೆ ಪ್ರೋಗ್ರಾಮು ಹಾಕಿದರು. ಸಂಘದ ಕಾರ್ಯದರ್ಶಿ ಹೊನ್ನೇಶ್ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದ. "ಏನ್ ಕಣಮ್ಮಾ ಇದು, ಬರೀ ಚೌಕ ಚೌಕ ಬಂದವೆ. ರೈತರಿಗೆ ಏನಂತ ಓದಿ ಹೇಳ್ಲಿ?"

ಧರ್ಮೇಶ್ ಕೋಮಲಾಳ ಕಡೆ ತಿರುಗಿದ. "ಕನ್ನಡದ್ದು ಎಲ್ಲೋಯ್ತು?"

"ನಾನೇ ತೆಗ್ದೆ ಸಾರ್. ನಿಮ್ ಗ್ರಾಫಿಗೂ ಅದಕ್ಕೂ ಆಗ್ತಿರ್ಲಿಲ್ಲ."

"ಆ ಗ್ರಾಫ್ ಯಾರಿಗ್ರೀ ಬೇಕು? ಅದನ್ನ ಬಿಟ್ಟು ಯಾವ ಕಾಲ ಆಯ್ತು."

"ಕೇಳ್ದಾಗ ಇರ್ಲಿ ಬಿಡಿ ಅಂದ್ರಲ್ಲ?"

"ನೀವಾಗೇ ಕೇಳಿದ್ರಿ. ನಿಮಗೇನೋ ಬೇಕಾಗಿರ್ಬೇಕು ಅಂದ್ಕೊಂಡೆ. ಬೇಡ ಅಂದ್ರೆ ಚೆನ್ನಾಗಿರುತ್ತಾ?"

ಕೋಮಲಾಗೆ ಸಿಟ್ಟು ಬಂತು. ಅದು ಅವನ ಮೇಲೋ ತನ್ನ ಮೇಲೋ ಗೊತ್ತಾಗಲಿಲ್ಲ. ಹೊನ್ನೇಶ್ ಎದ್ದು ಚಪ್ಪಲಿ ಹುಡುಕುತ್ತಿದ್ದ.

"ಒಂಚೂರು ಕೂತ್ಕಳಿ," ಅಂದಳು. ಫೈಲು ತೆರೆದಳು. ಧರ್ಮೇಶನ ಸಾಲನ್ನು ಅಳಿಸಿ ತನ್ನದನ್ನು ಹಾಕಿ ಮತ್ತೆ ಓಡಿಸಿದಳು. ಪ್ರಿಂಟರು ಗೊರಗೊರ ಅಂದು ಚೀಟಿ ಉಗುಳಿತು. ಹೊನ್ನೇಶ್ ಅದನ್ನು ಕನ್ನಡಕದ ಹತ್ತಿರ ಹಿಡಿದು, "ಉಂಡೆ ಕೊಬ್ಬರಿ," ಅಂತ ಗಟ್ಟಿಯಾಗಿ ಓದಿ ಮತ್ತೆ ಕೂತ.

"ನಂದು ತೆಗೆದ್ರಾ?" ಅಂದ ಧರ್ಮೇಶ್.

"ತೆಗ್ದೆ. ಕೇಳ್ಲಿಲ್ಲ."

ಅವನ ಮುಖ ನೋಡಿದಳು. ಒಂದಿಷ್ಟೂ ಬೇಜಾರಿರಲಿಲ್ಲ. ಹಾಗಾದರೆ ಇಷ್ಟು ವರ್ಷ ನಾನು ಯಾರ ಬೇಜಾರಿಗೆ ಹೆದರಿ ನನ್ನದನ್ನೇ ತೆಗೆಯುತ್ತ ಬಂದೆ? ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಎಷ್ಟು ಯೋಚಿಸಿದರೂ ಅವಳಿಗೆ ನಿಜಕ್ಕೂ ಬೇಜಾರು ಮಾಡಿಕೊಂಡ ಒಬ್ಬರ ಹೆಸರೂ ನೆನಪಾಗಲಿಲ್ಲ.