ತಾನಾಗಿ ಒಣಗಿದ ಹಲಸು

ಪಕ್ಕದ ಮನೆಯವರು ನಿನ್ನೆ ತಮ್ಮ ಹೊಸ ಮೇಜು ತೋರಿಸಲು ಕರೆದರು. "ಬಿದ್ದ ಮರದ್ದು ರೀ, ಒಂದು ಹಸಿ ಟೊಂಗಿ ಸೈತ ಕಡಿಸಿಲ್ಲ" ಎಂದು ಹೆಮ್ಮೆಪಟ್ಟರು. ಹಲಸಿನ ಕಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು. ಭಾಳ ಚಲೋ ಆಗೇತಿ ಎಂದು ಹೊಗಳಿ ಮನೆಗೆ ಬಂದೆ. ಊಟ ಸೇರಲಿಲ್ಲ.

ನನ್ನನ್ನು ಸಾಕಿದವಳು ಮಹಾಗಾಂವದ ದೊಡ್ಡವ್ವ. ನಮ್ಮದು ಜೈನರ ಮನೆ. ನೀರು ಸೋಸಿ ಕುಡಿಯುವುದು, ಹೊತ್ತು ಮುಳುಗುವುದರೊಳಗೆ ಉಣ್ಣುವುದು ಎಲ್ಲರಿಗೂ ಇತ್ತು. ದೊಡ್ಡವ್ವನದು ಅದರ ಮೇಲೊಂದು ನೇಮ: ಜೀವಂತ ಮರ ಕಡಿಸಿ ಮಾಡಿದ ಸಾಮಾನು ಮನೆಯೊಳಗೆ ಬರಕೂಡದು. ಗಾಳಿಗೆ ಬಿದ್ದದ್ದು, ಹೊಳೆಯಲ್ಲಿ ತೇಲಿ ಬಂದದ್ದು, ತಾನಾಗಿ ಒಣಗಿದ್ದು ಆದರೆ ಸರಿ. ಹೀಗಾಗಿ ನಮ್ಮಲ್ಲಿ ನೆಟ್ಟಗಿನ ವಸ್ತು ಒಂದೂ ಇರಲಿಲ್ಲ. ಮಂಚದ ಮೇಲೆ ಮಲಗಿದವರು ಬೆಳಗಾಗುವುದರೊಳಗೆ ಉರುಳಿ ಗೋಡೆಗೆ ಅಂಟಿಕೊಂಡಿರುತ್ತಿದ್ದರು.

ಎರಡನೇ ಮಹಾಯುದ್ಧ ಶುರುವಾಗುವ ಮುಂಚೆ ನನಗೆ ಕೊಲ್ಹಾಪುರದಲ್ಲಿ ಮಾಸ್ತರಿಕೆ ಸಿಕ್ಕಿತು. ಮಾಸ್ತರನೆಂದ ಮೇಲೆ ಕುರ್ಚಿ ಬೇಡವೇ? ಅದೂ ಸೊಟ್ಟಗಿದ್ದರೆ ಮರ್ಯಾದೆ ಉಳಿದೀತೇ? ಹಿತ್ತಲಲ್ಲಿ ನೆಟ್ಟಗಿನ ಹಲಸಿನ ಮರವೊಂದಿತ್ತು. ಒಣಗುವ ಲಕ್ಷಣ ಅದಕ್ಕೆ ಕಾಣಲಿಲ್ಲ. ದೊಡ್ಡವ್ವ ಬಸದಿಗೆ ಹೋದ ಹೊತ್ತು ನೋಡಿ, ಬುಡದ ಮಣ್ಣು ಸರಿಸಿ, ಬಾಚಿಯಿಂದ ಸುತ್ತಲೂ ತೊಗಟೆ ಕೆತ್ತಿ, ಮತ್ತೆ ಮಣ್ಣು ಮುಚ್ಚಿದೆ.

ಎಲೆ ಉದುರತೊಡಗಿದಾಗ ಅವಳು ಕೊಡಗಟ್ಟಲೆ ನೀರು ಹೊತ್ತಳು. ಮರ ಉಳಿಯಲಿಲ್ಲ. "ಬುಡಕ್ಕ ಬಿಸಿ ಬೂದಿ ಸುರುವಿದಾಕಿ ನಾನೇ. ನಾನೇ ಕೊಂದೆ" ಎಂದು ಹಣೆ ಬಡಿದುಕೊಂಡು ಮೂರು ದಿನ ಉಪವಾಸ ಮಾಡಿದಳು. "ಅದರ ಆಯುಷ್ಯ ತೀರಿತ್ತ, ಬಿಡ ದೊಡ್ಡವ್ವ" ಎಂದು ನಾನು ಸಮಾಧಾನ ಹೇಳಿದೆ. ಗಡಹಿಂಗ್ಲಜದ ಬಡಿಗ ಬಂದು ಕುರ್ಚಿ ಮಾಡಿಕೊಟ್ಟ. ಅದನ್ನು ಕೊಲ್ಹಾಪುರಕ್ಕೆ ಒಯ್ದೆ.

ವರ್ಷಕ್ಕೊಮ್ಮೆ ಕೊಲ್ಹಾಪುರಕ್ಕೆ ಬಂದಾಗ ಅವಳು ನೆಲದ ಮೇಲೆಯೇ ಕೂಡುತ್ತಿದ್ದಳು. ಹಳೇ ಕಾಲದವಳೆಂದು ನಾನು ನಗುತ್ತಿದ್ದೆ. ಸ್ವಾತಂತ್ರ್ಯ ಬಂದ ಮರುವರ್ಷ ಬಂದಾಗ ಮೊಣಕಾಲು ಮಡಚಲಾರದೆ ಗೋಡೆ ಹಿಡಿದು ನಿಂತಳು. ಕುರ್ಚಿ ಎಳೆದು ಕೂಡೆಂದೆ.

"ನನಗ ಅದು ಬ್ಯಾಡ. ಆ ಮರದ ಬೊಡ್ಡಿ ಅಗಿಸಿದಾಗ ಬಾಚಿ ಏಟ ನೋಡೀನಿ. ನೀನಾಗೇ ಹೇಳ್ತಿ ಅಂತ ಇಷ್ಟ ವರ್ಷ ಕಾದೆ, ತಮ್ಮಾ."

ಆಗಲಾದರೂ ಬಾಯಿ ಬಿಡಬಾರದಿತ್ತೇ? "ಹಾಲು ಆರತೈತಿ, ಕುಡಿ" ಎಂದೆ. ಅವಳು ಕುಡಿದು ಹೊರಟಳು. ಆ ಚಳಿಗಾಲ ದಾಟಲಿಲ್ಲ.

ಇಂದು ಮೊದಲ ಸಲ ನಿಮ್ಮೆದುರು ಹೇಳಿದ್ದೇನೆ. ವಯಸ್ಸಿನ ತಪ್ಪು, ಹೋಗಲಿ ಬಿಡಿ ಎಂದು ನೀವು ಅನ್ನಬಹುದು. ಅನ್ನಬೇಡಿ. ಅವಳು ಉಪವಾಸವಿದ್ದ ಆ ಮೂರು ದಿನವೂ ಒಲೆಯ ಮುಂದೆ ಕೂತು ನನಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ನಾನು ಹೊಟ್ಟೆ ತುಂಬ ಉಂಡೆ.