ಕೆಂಗೇರಿಯಿಂದ ರಾಜಾಜಿನಗರಕ್ಕೆ ತಣ್ಣನೆಯ ಚಿನ್ನ

ಬೆಳಗ್ಗೆ ಹತ್ತಕ್ಕೆ ಆಟೋ ಕೆಂಗೇರಿ ಬಿಡುವಾಗಲೇ ನನ್ನ ಸೊಂಟ ಮುಷ್ಕರ ಹೂಡಿತ್ತು. ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಕ್ನೀಷಿಯನ್ ನಾನು. ಭಾರ ಹೊರುವ ಕೆಲಸವೆಲ್ಲ ನನ್ನ ಪಾಲಿಗೇ ಬರುತ್ತದೆ. ಕಾಲ ಬಳಿಯ ಕ್ಯಾನಿನಲ್ಲಿ ದ್ರವ ಸಾರಜನಕ, ಅದರಲ್ಲಿ ಮುಳುಗಿಸಿದ ಪುಟ್ಟ ಡಬ್ಬಿ, ಡಬ್ಬಿಯಲ್ಲೊಂದು ಅಲ್ಯೂಮಿನಿಯಂ ಬಿಲ್ಲೆ. ಬಿಲ್ಲೆಯ ಮೇಲೆ ಮೂಗುಬೊಟ್ಟಿಗೂ ಸಾಲದಷ್ಟು ಚಿನ್ನ. ಇಷ್ಟು ಶೀತದಲ್ಲಿ ಚಿನ್ನದ ಪರಮಾಣುಗಳು ಮೇಲೆಯೇ ಕೂರುತ್ತವೆ, ಅಲ್ಯೂಮಿನಿಯಂ ಒಳಗೆ ನುಗ್ಗಿ ಬೆರೆಯುವುದಿಲ್ಲ ಎನ್ನುವುದು ನಮ್ಮ ವಿದ್ಯಾರ್ಥಿನಿ ಸುಷ್ಮಾಳ ಪಿಎಚ್‌ಡಿ. ಅದನ್ನು ತೋರಿಸಬಲ್ಲ ಮೈಕ್ರೋಸ್ಕೋಪು ರಾಜಾಜಿನಗರದಲ್ಲಿತ್ತು. ಅವಳು ಆಗಲೇ ಅಲ್ಲಿ ಹೋಗಿ ಕಾಯುತ್ತಿದ್ದಳು.

ಇಂಥ ಕ್ಯಾನನ್ನು ಮೆಟ್ರೋದಲ್ಲಿ ಬಿಡುವುದಿಲ್ಲವೆಂದು ನಾನೂರು ರೂಪಾಯಿಗೆ ಆಟೋ ಹಿಡಿದಿದ್ದೆ. ನಾಯಂಡಹಳ್ಳಿ ಸಿಗ್ನಲ್ ಮುಕ್ಕಾಲು ಗಂಟೆ ತಿಂದಿತು. ಬಿಸಿಲು ಚುರುಗುಟ್ಟುತ್ತಿತ್ತು. ಬಾಗಲಕೋಟೆಯ ಡ್ರೈವರ್ ಮುಚ್ಚಳದ ಸಂದಿಯ ಹೊಗೆ ನೋಡಿ ಹೆದರಿದ.

"ಸಿಡೀತದೇನ್ರೀ ಸರ?"

"ಇಲ್ಲಪ್ಪ, ತಣ್ಣಗಿದೆ ಅಷ್ಟೇ. ತಣ್ಣಗಿದ್ರೆ ಒಳಗಿನ ಚಿನ್ನ ಅಲುಗಾಡಲ್ಲ."

"ಥಂಡಿಯಾಗ ನಮ್ಮ ಮಂದಿ ಇನ್ನೂ ಒತ್ತೊತ್ತಿ ಮಲಗ್ತಾರಲ್ರೀ!"

ನನಗೆ ನಗುವಷ್ಟೂ ತ್ರಾಣವಿರಲಿಲ್ಲ.

ಮೂಡಲಪಾಳ್ಯದಲ್ಲಿ ರಸ್ತೆ ಅಗೆದಿದ್ದರು. ಅಲ್ಲೇ ನಿಲ್ಲಿಸಿ ಇಡ್ಲಿ-ವಡೆ ತಿಂದು, ಕ್ಯಾನಿಗೆ ಮರದ ಕಡ್ಡಿ ಇಳಿಸಿ ನೋಡಿದೆ. ದ್ರವ ಮುಟ್ಟಿದಷ್ಟು ಎತ್ತರಕ್ಕೆ ಕಡ್ಡಿಯ ಮೇಲೆ ಹಿಮ ಕಟ್ಟುತ್ತದೆ. ಡಬ್ಬಿ ಮುಳುಗಿದ್ದರೆ ಸಾಕು; ಅದರ ಮೇಲೆ ಇನ್ನೂ ನಾಲ್ಕು ಬೆರಳು ದ್ರವವಿತ್ತು. ಬಸವೇಶ್ವರನಗರದ ಒನ್‌ವೇಗಳನ್ನೆಲ್ಲ ಸುತ್ತಿ ಹನ್ನೆರಡೂವರೆಗೆ ರಾಜಾಜಿನಗರ ಮುಟ್ಟಿದಾಗ ಎರಡು ಬೆರಳು ಉಳಿದಿತ್ತು. ಗೆದ್ದೆ ಅಂದುಕೊಂಡೆ.

ಬಿಲ್ಲೆಯನ್ನು ತಣ್ಣಗಿರುವಾಗಲೇ ಮೈಕ್ರೋಸ್ಕೋಪಿಗೆ ಏರಿಸಿ, ನಾಲ್ಕಕ್ಕೆ ಪರದೆಯ ಮೇಲೆ ಚಿತ್ರ ಬಂತು. ಚಿನ್ನ ಅರ್ಧಕ್ಕರ್ಧ ಅಲ್ಯೂಮಿನಿಯಂ ಒಳಗೆ ಹೋಗಿ ಬೆರೆತಿತ್ತು. ಸುಷ್ಮಾ ನನ್ನತ್ತ ತಿರುಗಿದಳು.

"ಅಣ್ಣ, ದಾರೀಲಿ ಬಿಸಿಯಾಯ್ತಾ?"

ಹೂಂ ಅಂದಿದ್ದರೆ ತಪ್ಪು ನನ್ನದಾಗುತ್ತಿತ್ತು, ಅವಳ ಮೂರು ವರ್ಷದ ಬರವಣಿಗೆ ಉಳಿಯುತ್ತಿತ್ತು. ಹೂಂ ಅನ್ನಬೇಕೆಂದೇ ಬಾಯಿ ತೆರೆದೆ.

"ಇಲ್ಲಮ್ಮ. ಎರಡು ಬೆರಳು ಉಳಿದಿತ್ತು."

"ಒಂದ್ ನಿಮಿಷಾನೂ ಬಿಸಿಯಾಗಿಲ್ವಾ?"

"ಒಂದ್ ನಿಮಿಷಾನೂ ಇಲ್ಲ."

ಅವಳು ಆ ಚಿತ್ರವನ್ನು ತನ್ನ ಪೆನ್‌ಡ್ರೈವಿಗೆ ಹಾಕಿಕೊಂಡಳು. ಐದೂವರೆಗೆ ಖಾಲಿ ಕ್ಯಾನಿನ ಒಂದು ಹಿಡಿ ತಾನು ಹಿಡಿದು ಬಸ್ ಸ್ಟಾಪಿನವರೆಗೆ ಬಂದಳು. ಕೆಂಗೇರಿ ಬಸ್ ಹತ್ತಿದೆ. ಕೆಳಗಿನಿಂದ ಕ್ಯಾನ್ ಎತ್ತಿ ಕೊಡುತ್ತಾ ಹೇಳಿದಳು:

"ಬಿಸಿಯಾಯ್ತು ಅಂದಿದ್ರೆ ನಂಬಿಬಿಡ್ತಿದ್ದೆ ಅಣ್ಣ."